ಹೈಡ್ರೋಜನ್ ಹಬ್: ಒಬ್ಬರಿಗೊಬ್ಬರು ಕಾಯ್ತಾ ಕೂತವರನ್ನ ಒಟ್ಟಿಗೆ ಹೊರಡಿಸೋದು ಹೇಗೆ?

2025ರ ಅಕ್ಟೋಬರ್ ಮೊದಲ ವಾರ ಅಮೆರಿಕದ ಇಂಧನ ಇಲಾಖೆ ಒಂದೇ ಏಟಿಗೆ 223 ಪ್ರಾಜೆಕ್ಟ್‌ಗಳಿಗೆ ಕೊಡಬೇಕಿದ್ದ ದುಡ್ಡು ರದ್ದು ಮಾಡ್ತು, ಲೆಕ್ಕ ಸುಮಾರು 756 ಕೋಟಿ ಡಾಲರ್. ಆ ಪಟ್ಟಿಯಲ್ಲಿ ಎರಡು ಹೈಡ್ರೋಜನ್ ಹಬ್ (ಒಂದು ಪ್ರದೇಶದಲ್ಲಿ ಹೈಡ್ರೋಜನ್ ಮಾಡೋರು, ಸಾಗ್ಸೋರು, ಬಳಸೋರನ್ನ ಒಟ್ಟು ಸೇರ್ಸೋ ಯೋಜನೆ) ಕೂಡ ಇದ್ವು, ಒಂದು ಕ್ಯಾಲಿಫೋರ್ನಿಯಾದ್ದು, ಇನ್ನೊಂದು ವಾಷಿಂಗ್ಟನ್ ರಾಜ್ಯ, ಒರೆಗಾನ್, ಮೊಂಟಾನಾ ಸೇರಿದ ಪೆಸಿಫಿಕ್ ನಾರ್ತ್‌ವೆಸ್ಟ್‌ದು. ಸುದ್ದಿ ಓದಿದವರಿಗೆ ಒಂದು ಗೊಂದಲ ಆಗಿರತ್ತೆ. ಒಂದು ಕಡೆ ಕ್ಯಾಲಿಫೋರ್ನಿಯಾ ಹಬ್‌ಗೆ 120 ಕೋಟಿ ಡಾಲರ್ ಅಂತ ಇತ್ತು, ಇನ್ನೊಂದು ಕಡೆ ಮೊದಲ ಹಂತಕ್ಕೆ ಮಂಜೂರಾಗಿದ್ದು 3 ಕೋಟಿ ಡಾಲರ್ ಅಂತ ಇತ್ತು. ಹಾಗಾದ್ರೆ ಎಷ್ಟು ಕೊಟ್ರು, ಎಷ್ಟು ಹೋಯ್ತು, ಅಸಲಿಗೆ ಅಲ್ಲಿ ಏನು ಕಟ್ತಾ ಇದ್ರು?

ಎರಡೂ ಅಂಕಿ ಸರಿನೇ. ಅವೆರಡರ ಮಧ್ಯೆ ಅಷ್ಟು ಅಂತರ ಯಾಕೆ ಅಂತ ತಿಳ್ಕೋಬೇಕು ಅಂದ್ರೆ ಹಬ್ ಅನ್ನೋದನ್ನ ಹೇಗೆ ಜೋಡಿಸ್ತಾರೆ ಅಂತ ನೋಡ್ಬೇಕು. ಕೆಮಿಸ್ಟ್ರಿ ಇಲ್ಲಿ ಕಮ್ಮಿ, ಜನರನ್ನ ಸಂಭಾಳಿಸೋದೇ ಜಾಸ್ತಿ.

ಮೊದಲು ಹೈಡ್ರೋಜನ್ ಬಗ್ಗೆ ಎರಡು ಮಾತು

ಹೈಡ್ರೋಜನ್ ಒಂದು ಗ್ಯಾಸು. ಉರಿಸಿದ್ರೆ, ಇಲ್ಲಾ ಫ್ಯೂಯೆಲ್ ಸೆಲ್ ಅನ್ನೋ ಡಬ್ಬದಲ್ಲಿ ಗಾಳಿ ಜೊತೆ ಸೇರಿಸಿ ಕರೆಂಟ್ ತೆಗೆದ್ರೆ, ಕೊನೆಗೆ ಬರೋದು ನೀರು, ಹೊಗೆಯಲ್ಲಿ ಕಾರ್ಬನ್ ಇರಲ್ಲ. ಆದರೆ ಇದು ಕಲ್ಲಿದ್ದಲು ಥರ ಅಗೆದ್ರೆ ಬೇಕಾದಷ್ಟು ಸಿಗೋ ವಸ್ತು ಅಲ್ಲ, ನಾವೇ ತಯಾರು ಮಾಡ್ಬೇಕು, ಆ ತಯಾರಿಕೆಯಲ್ಲೇ ಇರೋದು ತಕರಾರು. ಇವತ್ತು ಜಗತ್ತಲ್ಲಿ ಬಳಕೆಯಾಗೋ ಹೈಡ್ರೋಜನ್‌ನ ಬಹುಪಾಲು ನ್ಯಾಚುರಲ್ ಗ್ಯಾಸಿಂದ, ಸ್ವಲ್ಪ ಕಲ್ಲಿದ್ದಲಿಂದ ಬರತ್ತೆ, ಹೋಗೋದು ಜಾಸ್ತಿ ರಿಫೈನರಿಗಳಿಗೆ ಮತ್ತೆ ಗೊಬ್ಬರದ ಫ್ಯಾಕ್ಟರಿಗಳಿಗೆ. ಗ್ಯಾಸಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದ್ರೆ ಫ್ಯಾಕ್ಟರಿಯಲ್ಲೇ ಸುಮಾರು 9ರಿಂದ 10 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗತ್ತೆ.

ಇನ್ನೊಂದು ದಾರಿ ನೀರಿಗೆ ಕರೆಂಟ್ ಹಾಯಿಸಿ ಒಡೆಯೋದು. ಸ್ಕೂಲಲ್ಲಿ ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ, ಉಪ್ಪು ನೀರು ಇಟ್ಕೊಂಡು ಗುಳ್ಳೆ ಬರ್ಸಿದ್ದು ನೆನಪಿದ್ಯಾ, ಅದೇ ಕೆಲಸನ ದೊಡ್ಡದಾಗಿ ಮಾಡೋ ಮೆಷಿನ್‌ಗೆ ಎಲೆಕ್ಟ್ರೊಲೈಜರ್ ಅಂತಾರೆ. ಒಂದು ಕಿಲೋಗೆ 50 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿನೇ ಕರೆಂಟ್ ಬೇಕು. ನಮ್ಮ ಗೃಹಜ್ಯೋತಿಯಲ್ಲಿ ತಿಂಗಳಿಗೆ ಗರಿಷ್ಠ 200 ಯೂನಿಟ್ ಫ್ರೀ ಅಲ್ವಾ, ಒಂದು ಮನೆಯ ಇಡೀ ತಿಂಗಳ ಆ ಕೋಟಾ ಪೂರ್ತಿ ಸುರಿದ್ರೂ ನಾಲ್ಕು ಕಿಲೋ ಹುಟ್ಟಲ್ಲ. ಅದೂ ಕಲ್ಲಿದ್ದಲಿನ ಕರೆಂಟ್ ಆದ್ರೆ ಗ್ಯಾಸಿಂದ ಮಾಡೋದಕ್ಕಿಂತ ಹೆಚ್ಚು ಕಾರ್ಬನ್ ಹೋಗತ್ತೆ, ಹಾಗಾಗಿ ಸೋಲಾರ್, ಗಾಳಿ, ನೀರು, ಅಣು ವಿದ್ಯುತ್ ಇದ್ರೆ ಮಾತ್ರ ಈ ಲೆಕ್ಕಕ್ಕೆ ಅರ್ಥ.

"ಕ್ಲೀನ್" ಅಂತ ಯಾವುದನ್ನ ಕರೀಬೇಕು ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ. ಭಾರತದಲ್ಲಿ "ಗ್ರೀನ್ ಹೈಡ್ರೋಜನ್" ಅನ್ನಿಸ್ಕೊಳ್ಳೋಕೆ ಒಂದು ಕಿಲೋಗೆ 2 ಕಿಲೋ ಕಾರ್ಬನ್ ಡೈಆಕ್ಸೈಡ್ ಮೀರಬಾರದು, ವರ್ಷದ ಸರಾಸರಿ ಹಿಡಿದು. ಅಮೆರಿಕದಲ್ಲಿ ಹೈಡ್ರೋಜನ್ ಮಾಡೋರಿಗೆ ಕೊಡೋ ತೆರಿಗೆ ರಿಯಾಯಿತಿಗೆ ಮೇಲಿನ ಮಿತಿ 4 ಕಿಲೋ, ಆದ್ರೆ 0.45 ಕಿಲೋಗಿಂತ ಕಮ್ಮಿ ಇದ್ದವರಿಗೆ ಮಾತ್ರ ಪೂರ್ತಿ ರಿಯಾಯಿತಿ.

ಹುಚ್ಚು ಬಿಡದೆ ಮದುವೆ ಆಗದು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೈಡ್ರೋಜನ್ ತಯಾರು ಮಾಡೋ ಕಂಪನಿ ಬ್ಯಾಂಕಿಗೆ ಹೋದ್ರೆ ಬ್ಯಾಂಕಿನವರು ಕೇಳೋ ಮೊದಲ ಪ್ರಶ್ನೆ, ಯಾರು ಕೊಳ್ತಾರೆ, ಹತ್ತು ವರ್ಷದ ಕರಾರು ತೋರ್ಸಿ. ಕೊಳ್ಳೋನು ಅಂದ್ರೆ ಉದಾಹರಣೆಗೆ ಬಂದರಲ್ಲಿ ಲಾರಿ ಓಡ್ಸೋನು, ಅವನು ಹೇಳ್ತಾನೆ, ಬಂಕೇ ಇಲ್ವಲ್ಲ ಸ್ವಾಮಿ, ಯಾವ ಧೈರ್ಯದ ಮೇಲೆ ಹೈಡ್ರೋಜನ್ ಲಾರಿ ತಗೊಳ್ಳಿ? ಬಂಕ್ ಹಾಕೋನು ಹೇಳ್ತಾನೆ, ಲಾರಿಗಳು ಬರಲಿ, ಆಮೇಲೆ ಹಾಕ್ತೀನಿ. ಪೈಪ್ ಹಾಕೋನು ಇವರೆಲ್ಲರ ಮುಖ ನೋಡ್ತಾ ಕೂತಿರ್ತಾನೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತಾರಲ್ಲ, ಅದೇ ಕಥೆ.

ಪೆಟ್ರೋಲ್ ಆಗಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ, ಒಂದು ಕಡೆ ಮಾಡಿ ಇನ್ನೊಂದು ಕಡೆ ಟ್ಯಾಂಕರಲ್ಲಿ ಕಳ್ಸಬಹುದು, ತಿಂಗಳುಗಟ್ಟಲೆ ಇಡಬಹುದು. ಹೈಡ್ರೋಜನ್ ಹಾಲಿನ ಥರ, ಕೆಡಲ್ಲ ನಿಜ, ಆದ್ರೆ ಇಟ್ಕೊಳ್ಳೋದೂ ಸಾಗಿಸೋದೂ ಹಾಲಿಗಿಂತ ರಗಳೆ. ಎಷ್ಟು ಹಗುರ ಅಂದ್ರೆ ವಿಪರೀತ ಒತ್ತಡದಲ್ಲಿ ತುರುಕಬೇಕು, ಇಲ್ಲಾ ಮೈನಸ್ 253 ಡಿಗ್ರಿಗೆ ತಣಿಸಿ ದ್ರವ ಮಾಡ್ಬೇಕು. ಸ್ಟೀಲ್ ಸಿಲಿಂಡರ್ ಹೊತ್ತ ಸುಮಾರು 40 ಟನ್ ತೂಕದ ಲಾರಿ ಒಂದು ಟ್ರಿಪ್ಪಿಗೆ ಹೊತ್ಕೊಂಡು ಹೋಗೋದು ಮುನ್ನೂರು-ನಾನೂರು ಕಿಲೋ ಹೈಡ್ರೋಜನ್ ಅಷ್ಟೇ, ಉಳಿದಿದ್ದೆಲ್ಲ ಕಬ್ಬಿಣದ ತೂಕ. ಹೀಗಾಗಿ ಮಾಡೋನು, ಸಾಗ್ಸೋನು, ಬಳಸೋನು ಮೂರೂ ಜನ ಹತ್ತಿರ ಹತ್ತಿರ ಇರಬೇಕು, ಜೊತೆಗೆ ಮೂರೂ ಜನ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ರೆಡಿ ಆಗಬೇಕು. ಹಬ್ ಅಂದ್ರೆ ಇದೇ, ಒಂದು ಪ್ರದೇಶದೊಳಗೆ ಈ ಎಲ್ಲರ ಪ್ರಾಜೆಕ್ಟ್‌ಗಳನ್ನ ಒಂದು ಗುಂಪು ಮಾಡಿ, ಸರ್ಕಾರದ ದುಡ್ಡನ್ನ ಅಂಟು ಥರ ಬಳಸಿ, ನೀನು ಹೊರಟ್ರೆ ನಾನು ಹೊರಡ್ತೀನಿ ಅನ್ನೋ ಜಗ್ಗಾಟ ಮುಗಿಸೋ ಏರ್ಪಾಡು.

ಅಮೆರಿಕದಲ್ಲಿ ಏಳು ಹಬ್ ಆಗಿದ್ದು ಹೇಗೆ

2021ರ ನವೆಂಬರಲ್ಲಿ ಅಲ್ಲಿ ಮೂಲಸೌಕರ್ಯ ಕಾನೂನು ಬಂತು, ಅದರಲ್ಲಿ ಹೈಡ್ರೋಜನ್ ಹಬ್‌ಗಳಿಗೆ ಅಂತಾನೇ 800 ಕೋಟಿ ಡಾಲರ್ ಎತ್ತಿಟ್ರು. ಕಾನೂನಿನ ಷರತ್ತುಗಳು ಸ್ವಲ್ಪ ವಿಚಿತ್ರ, ಕನಿಷ್ಠ ನಾಲ್ಕು ಹಬ್ ಇರಬೇಕು, ಅದರಲ್ಲಿ ಒಂದಾದ್ರೂ ನ್ಯಾಚುರಲ್ ಗ್ಯಾಸ್ ಥರದ ಫಾಸಿಲ್ ಇಂಧನದಿಂದ, ಒಂದಾದ್ರೂ ಸೋಲಾರ್-ಗಾಳಿಯಂಥದ್ರಿಂದ, ಒಂದಾದ್ರೂ ಅಣು ವಿದ್ಯುತ್‌ನಿಂದ ಹೈಡ್ರೋಜನ್ ಮಾಡಬೇಕು. ಬಳಕೆಯೂ ಬೇರೆ ಬೇರೆ ಕಡೆ ಹಂಚಿರಬೇಕು, ಕರೆಂಟ್ ಉತ್ಪಾದನೆ, ಫ್ಯಾಕ್ಟರಿ, ಮನೆ ಬಿಸಿ ಮಾಡೋದು, ವಾಹನ ಅಂತ. ಎಲ್ಲಾ ರಾಜ್ಯದ ಸಂಸದರಿಗೂ ಏನಾದ್ರೂ ಸಿಗಲಿ ಅನ್ನೋ ಹದ ಇದರಲ್ಲಿ ಕಾಣತ್ತೆ ಅಂತ ನನ್ನ ಅನಿಸಿಕೆ, ನಮಗೇನೂ ಹೊಸದಲ್ಲ ಬಿಡಿ.

79 ಗುಂಪುಗಳು ಆರಂಭಿಕ ಪ್ರಸ್ತಾವ ಕಳ್ಸಿದ್ವು, 33ಕ್ಕೆ ಮುಂದುವರೀರಿ ಅಂದ್ರು, ಕೊನೆಗೆ 2023ರ ಅಕ್ಟೋಬರ್ 13ಕ್ಕೆ ಅಧ್ಯಕ್ಷ ಬೈಡನ್ ಫಿಲಡೆಲ್ಫಿಯಾದಲ್ಲಿ ಏಳರ ಹೆಸರು ಹೇಳಿದ್ರು, ಒಂದೊಂದೂ ಅಮೆರಿಕದ ಒಂದೊಂದು ಪ್ರದೇಶದ ಹೆಸರಲ್ಲಿ. ಕ್ಯಾಲಿಫೋರ್ನಿಯಾ ಮತ್ತೆ ಟೆಕ್ಸಾಸ್ ಕರಾವಳಿಗೆ ತಲಾ 120 ಕೋಟಿ ಡಾಲರ್ ತನಕ, ಮಿಡ್‌ವೆಸ್ಟ್ ಮತ್ತೆ ಪೆಸಿಫಿಕ್ ನಾರ್ತ್‌ವೆಸ್ಟ್‌ಗೆ ತಲಾ 100 ಕೋಟಿ, ಅಪ್ಪಲಾಚಿಯಾ ಮತ್ತೆ ಹಾರ್ಟ್‌ಲ್ಯಾಂಡ್‌ಗೆ ತಲಾ 92.5 ಕೋಟಿ, ಮಿಡ್-ಅಟ್ಲಾಂಟಿಕ್‌ಗೆ 75 ಕೋಟಿ, ಎಲ್ಲಾ ಸೇರಿ 700 ಕೋಟಿ. ಉಳಿದ 100 ಕೋಟಿನ ಕೊಳ್ಳೋರ ಕಡೆಗೆ ಅಂತ ಪಕ್ಕಕ್ಕಿಟ್ರು, ಆ ವಿಷಯ ಕೆಳಗೆ ಹೇಳ್ತೀನಿ. ಇಲ್ಲಿ "ತನಕ" ಅನ್ನೋ ಪದ ಗಮನಿಸಿ, ಹೆಡ್‌ಲೈನ್‌ಗಳಲ್ಲಿ ಬಿಟ್ಟೋಗೋದು ಅದೊಂದೇ.

ಯಜಮಾನ ಯಾರು?

ನಮ್ಮ ಹಾಲಿನ ವ್ಯವಸ್ಥೆ ನೆನಪು ಮಾಡ್ಕೊಳ್ಳಿ. ಊರಲ್ಲಿ ಡೈರಿ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಕೆಎಂಎಫ್. ಹಸು ರೈತನದ್ದೇ, ಸಂಘದವರು ಬಂದು ಹಸುಗೆ ಹುಲ್ಲು ಹಾಕಲ್ಲ, ಆದರೆ ಎಷ್ಟೊತ್ತಿಗೆ ಹಾಲು ತರಬೇಕು, ಫ್ಯಾಟ್ ಎಷ್ಟಿರಬೇಕು, ದುಡ್ಡು ಯಾವಾಗ ಬರತ್ತೆ ಅನ್ನೋದೆಲ್ಲ ಸಂಘದ ಲೆಕ್ಕ. ಹಬ್‌ನಲ್ಲೂ ಹೆಚ್ಚುಕಮ್ಮಿ ಹಾಗೇ. ಸರ್ಕಾರ ಹತ್ತಾರು ಕಂಪನಿಗಳ ಜೊತೆ ಒಂದೊಂದಾಗಿ ಕರಾರು ಮಾಡ್ಕೊಳ್ಳಲ್ಲ, ಒಂದೇ ಒಂದು ಮುಂದಾಳು ಸಂಸ್ಥೆ ಜೊತೆ ಮಾಡ್ಕೊಳ್ಳತ್ತೆ. ಆ ಸಂಸ್ಥೆ ತನ್ನ ಕೆಳಗಿರೋ ಪಾಲುದಾರರ ಜೊತೆ ಉಪ ಕರಾರು ಮಾಡ್ಕೊಳ್ಳತ್ತೆ. ಸರ್ಕಾರದ ನಿಯಮ ಏನೇನಿದೆ, ಕೂಲಿ ದರ, ಅಮೆರಿಕದಲ್ಲೇ ಮಾಡಿದ ಕಬ್ಬಿಣ ಬಳಸ್ಬೇಕು ಅನ್ನೋದು, ಆಡಿಟ್, ಎಲ್ಲವೂ ಈ ಉಪ ಕರಾರುಗಳ ಮೂಲಕ ಕೆಳಗಿಳಿಯತ್ತೆ.

ಈ ಮುಂದಾಳು ಎಲ್ಲಾ ಕಡೆ ಒಂದೇ ಥರದವರಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆರ್ಚಸ್ ಅಂತ ಹೊಸದೊಂದು ಸಂಸ್ಥೆನೇ ಹುಟ್ಟುಹಾಕಿದ್ರು, ಅದರ ಹಿಂದೆ ರಾಜ್ಯ ಸರ್ಕಾರದ ಬಿಸಿನೆಸ್ ಕಚೇರಿ, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ, ಕಟ್ಟಡ ಕಾರ್ಮಿಕರ ಯೂನಿಯನ್‌ಗಳ ಒಕ್ಕೂಟ ಎಲ್ಲಾ ಇದ್ವು. ಹಾರ್ಟ್‌ಲ್ಯಾಂಡ್ ಹಬ್ ನಡ್ಸೋದು ನಾರ್ತ್ ಡಕೋಟಾ ಯೂನಿವರ್ಸಿಟಿಯ ಸಂಶೋಧನಾ ಕೇಂದ್ರ. ಅಪ್ಪಲಾಚಿಯಾದಲ್ಲಿ ಬ್ಯಾಟೆಲ್ ಅನ್ನೋ ಸಂಶೋಧನಾ ಸಂಸ್ಥೆ. ಅಂದ್ರೆ ಕಟ್ಟೋ ಕಂಪನಿ ಒಂದು, ಲೆಕ್ಕ ಒಪ್ಪಿಸೋನು ಇನ್ನೊಬ್ಬ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಇಡೀ ವಿಷಯದಲ್ಲಿ ತುಂಬಾ ಕುತೂಹಲ ಅನ್ಸಿದ್ದೂ ಇದೇ. ಟೆಕ್ಸಾಸ್ ಹಬ್‌ನ ಪಾಲುದಾರರ ಪಟ್ಟಿಯಲ್ಲಿ ಶೆವ್ರಾನ್ ಇದೆ, ಎಕ್ಸಾನ್‌ಮೊಬಿಲ್ ಇದೆ, ಏರ್ ಲಿಕ್ವಿಡ್ ಇದೆ. ಇವರು ಹೊರಗೆ ಮಾರ್ಕೆಟಲ್ಲಿ ಪೈಪೋಟಿ ಮಾಡೋರು. ಒಬ್ಬರ ಖರ್ಚು ಎಷ್ಟು, ಯಾವ ರೇಟಿಗೆ ಮಾರ್ತಾರೆ ಅಂತ ಇನ್ನೊಬ್ಬರಿಗೆ ಗೊತ್ತಾದ್ರೆ ವ್ಯಾಪಾರಕ್ಕೂ ಪೆಟ್ಟು, ಎಲ್ಲರೂ ಸೇರಿ ಬೆಲೆ ಗೊತ್ತು ಮಾಡಿದ್ರು ಅಂತ ಕಾನೂನಿನ ಕೇಸೂ ಬೀಳಬಹುದು. ಆದರೆ ಒಬ್ಬರ ವೇಳಾಪಟ್ಟಿ ಇನ್ನೊಬ್ಬರಿಗೆ ಗೊತ್ತಾಗದೆ ಕೆಲಸ ನಡಿಯಲ್ಲ. ಹಾಗಾಗಿ ಮುಂದಾಳು ಮಧ್ಯದಲ್ಲಿ ಕೂತು ಎಲ್ಲರ ಗುಟ್ಟು ಕೇಳಿಸ್ಕೊಂಡು, ಯಾರಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಹೇಳ್ಬೇಕು, ಗಂಡಿನ ಮನೆ ಹೆಣ್ಣಿನ ಮನೆ ಮಧ್ಯೆ ಓಡಾಡೋ ಬ್ರೋಕರ್ ಥರ, ಎರಡೂ ಕಡೆಯ ಜಮೀನು ಸಾಲ ಎಲ್ಲಾ ಗೊತ್ತು, ಬಾಯಿ ಬಿಡೋ ಹಾಗಿಲ್ಲ.

ದುಡ್ಡು ಮನೆ ಕಟ್ಟೋ ಸಾಲದ ಥರ ಬರತ್ತೆ

ಮನೆ ಕಟ್ಟೋಕೆ ಬ್ಯಾಂಕ್ 40 ಲಕ್ಷ ಸಾಲ ಮಂಜೂರು ಮಾಡಿದ್ರೆ 40 ಲಕ್ಷ ಒಟ್ಟಿಗೆ ಅಕೌಂಟಿಗೆ ಬೀಳಲ್ಲ ಅಲ್ವಾ. ಪಾಯ ಆಯ್ತಾ, ಇಂಜಿನಿಯರ್ ಬಂದು ನೋಡಿ ಸರ್ಟಿಫಿಕೇಟ್ ಕೊಡ್ತಾನೆ, ಒಂದು ಕಂತು. ಮೋಲ್ಡ್ ಹಾಕಿದ್ರಾ, ಇನ್ನೊಂದು ಕಂತು. ನಿಮ್ಮ ಕೈಯಿಂದಾನೂ ಇಷ್ಟು ಹಾಕಿರ್ಬೇಕು. ಹಬ್ ದುಡ್ಡೂ ಇದೇ ಥರ, ನಾಲ್ಕು ಹಂತ.

ಮೊದಲ ಹಂತ ಪ್ಲಾನಿಂಗು, ಒಂದರಿಂದ ಒಂದೂವರೆ ವರ್ಷ. ಯಾರು ಎಲ್ಲಿ ಏನು ಕಟ್ತಾರೆ, ಎಷ್ಟು ಖರ್ಚು, ಸುತ್ತಲಿನ ಜನಕ್ಕೆ ಏನು ಹೇಳಿದ್ರಿ, ಇದೆಲ್ಲ ಪೇಪರ್ ಮೇಲೆ. ಎರಡನೇದು ಡಿಸೈನ್, ಪರ್ಮಿಟ್, ಬ್ಯಾಂಕ್ ಸಾಲ, ಕೊಳ್ಳೋರ ಕರಾರು, ಎರಡು ಮೂರು ವರ್ಷ. ಮೂರನೇದು ನಿಜವಾಗಿ ಕಟ್ಟೋದು. ನಾಲ್ಕನೇದು ಶುರು ಮಾಡಿ ಪೂರ್ತಿ ಸಾಮರ್ಥ್ಯಕ್ಕೆ ತರೋದು. ಪ್ರತಿ ಹಂತದ ಕೊನೆಗೆ ಒಂದು ಗೇಟ್ ಇರತ್ತೆ, ಅಲ್ಲಿ ಇಲಾಖೆಯವರು ಕೂತು ಮುಂದಕ್ಕೆ ಬಿಡೋದಾ ಇಲ್ಲೇ ನಿಲ್ಸೋದಾ ಅಂತ ತೀರ್ಮಾನ ಮಾಡ್ತಾರೆ.

ಕ್ಯಾಲಿಫೋರ್ನಿಯಾಗೆ 2024ರ ಜುಲೈಯಲ್ಲಿ ಮಂಜೂರಾಗಿದ್ದು ಮೊದಲ ಹಂತದ 3 ಕೋಟಿ ಡಾಲರ್. ಪೆಸಿಫಿಕ್ ನಾರ್ತ್‌ವೆಸ್ಟ್‌ಗೆ 2.75 ಕೋಟಿ. ಶುರುವಿನ ಗೊಂದಲಕ್ಕೆ ಉತ್ತರ ಇದೇ, 120 ಕೋಟಿ ಅನ್ನೋದು ನಾಲ್ಕೂ ಗೇಟ್ ದಾಟಿದ್ರೆ ಸಿಗಬಹುದಾದ ಗರಿಷ್ಠ, ಕೈಗೆ ಬರೋಕೆ ಶುರುವಾಗಿದ್ದು ಮೊದಲ ಕಂತು ಮಾತ್ರ. ಅದೂ ಬಿಲ್ ಕೊಟ್ಟು ವಾಪಸ್ ಪಡ್ಕೊಳ್ಳೋ ಲೆಕ್ಕ, ಜೊತೆಗೆ ಸರ್ಕಾರ ಹಾಕಿದಷ್ಟಾದ್ರೂ ದುಡ್ಡನ್ನ ಉಳಿದವರು ಹಾಕಬೇಕು, ಕನಿಷ್ಠ ಅರ್ಧಕ್ಕರ್ಧ. ಕ್ಯಾಲಿಫೋರ್ನಿಯಾ ಯೋಜನೆಯ ಒಟ್ಟು ಅಂದಾಜು 1,260 ಕೋಟಿ ಡಾಲರ್ ಇತ್ತು, ಅಂದ್ರೆ ಕೇಂದ್ರದ 120 ಕೋಟಿ ಅದರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ಹಾಗಿದ್ರೂ ಆ ಸಣ್ಣ ಭಾಗ ಯಾಕೆ ಮುಖ್ಯ ಅಂದ್ರೆ, ಸರ್ಕಾರ ಹಾಕಿದೆ ಅಂದ ಮೇಲೆ ಬ್ಯಾಂಕಿನವರು ಮಾತಿಗಾದ್ರೂ ಕೂರ್ತಾರೆ.

ದಿನಾ ಬೆಳಗಾದ್ರೆ ಏನು ಕೆಲಸ?

ಹೊಸದಾಗಿ ಟಾರ್ ಹಾಕಿದ ರೋಡನ್ನ ಮುಂದಿನ ವಾರ ನೀರಿನವರು ಅಗೀತಾರೆ, ಅವರು ಮುಚ್ಚಿದ ಮೇಲೆ ಕೇಬಲ್‌ನವರು, ಆಮೇಲೆ ಗ್ಯಾಸ್ ಪೈಪಿನವರು. ಅವರವರ ಲೆಕ್ಕದಲ್ಲಿ ಎಲ್ಲರೂ ಟೈಮಿಗೆ ಸರಿಯಾಗೇ ಮಾಡಿರ್ತಾರೆ, ರೋಡ್ ಮಾತ್ರ ಹಾಳು. ಸಮನ್ವಯ ಅಂದ್ರೆ ಇದನ್ನ ತಪ್ಪಿಸೋದು.

ಹಬ್‌ನಲ್ಲಿ ಇದಕ್ಕೆ ಒಂದು ದೊಡ್ಡ ವೇಳಾಪಟ್ಟಿ ಇಟ್ಟಿರ್ತಾರೆ, ಎಲ್ಲಾ ಪಾಲುದಾರರ ಪಟ್ಟಿಗಳನ್ನ ಒಂದರೊಳಗೊಂದು ಹೊಲಿದಿರೋದು. ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲಿಸ್, ಲಾಂಗ್ ಬೀಚ್, ಓಕ್‌ಲ್ಯಾಂಡ್ ಈ ಮೂರು ಬಂದರುಗಳ ಯಂತ್ರಗಳು, 5,000ಕ್ಕಿಂತ ಹೆಚ್ಚು ಲಾರಿ, 1,000ಕ್ಕಿಂತ ಹೆಚ್ಚು ಬಸ್ಸು, 60ಕ್ಕೂ ಹೆಚ್ಚು ಬಂಕು ಅಂತ ಲೆಕ್ಕ ಹಾಕಿದ್ರು. ಈಗ ಒಂದು ಎಲೆಕ್ಟ್ರೊಲೈಜರ್ ಘಟಕಕ್ಕೆ ಕರೆಂಟ್ ಕಂಪನಿ ಲೈನ್ ಕೊಡೋದು ಒಂದು ವರ್ಷ ತಡ ಆಯ್ತು ಅನ್ಕೊಳ್ಳಿ. ಆ ಒಂದು ವರ್ಷ ಬಂಕು ಖಾಲಿ ನಿಂತಿರತ್ತೆ, ಬಂಕಿನ ಸಾಲದ ಬಡ್ಡಿ ಓಡ್ತಾ ಇರತ್ತೆ, ಬಸ್ ಆರ್ಡರ್ ಮಾಡಿದ ಸಾರಿಗೆ ಸಂಸ್ಥೆ ಬಸ್ ತಗೊಂಡು ಶೆಡ್ಡಲ್ಲಿ ನಿಲ್ಸ್ಬೇಕು ಇಲ್ಲಾ ಆರ್ಡರ್ ಮುಂದೆ ಹಾಕ್ಬೇಕು, ಮುಂದೆ ಹಾಕಿದ್ರೆ ಬಸ್ ಮಾಡೋನು ಆ ಜಾಗ ಬೇರೆ ಗಿರಾಕಿಗೆ ಕೊಡ್ತಾನೆ. ತಡ ಆಗಿದ್ದು ಒಂದು ಕಡೆ, ಏಟು ಬೀಳೋದು ಐದು ಕಡೆ. ಮುಂದಾಳು ಸಂಸ್ಥೆಯ ಕೆಲಸ ಆ ತಡ ಆಗತ್ತೆ ಅನ್ನೋದನ್ನ ಆರು ತಿಂಗಳು ಮೊದಲೇ ವಾಸನೆ ಹಿಡಿಯೋದು, ಅಲ್ಲಿವರೆಗೆ ಬೇರೆ ಘಟಕದಿಂದ ಟ್ಯಾಂಕರಲ್ಲಿ ತಂದು ಕೊಡೋಕಾಗತ್ತಾ ಅಂತ ನೋಡೋದು.

ಪರ್ಮಿಟ್‌ದು ಇನ್ನೊಂದು ತಲೆನೋವು. ಕೇಂದ್ರದ ದುಡ್ಡು ಬಂದ ಕಡೆ ಕೇಂದ್ರದ ಪರಿಸರ ಪರಿಶೀಲನೆ ಬರತ್ತೆ, ಪ್ರತಿ ಜಾಗಕ್ಕೂ. ಅಕ್ಕಪಕ್ಕದ ಜನರ ಜೊತೆ ಮಾತಾಡಿ ಅವರಿಗೆ ಕೆಲಸ, ಶುದ್ಧ ಗಾಳಿ, ಸುರಕ್ಷತೆ ವಿಷಯದಲ್ಲಿ ಏನು ಮಾಡ್ತೀವಿ ಅಂತ ಒಂದು ಪ್ಲಾನ್ ಕೊಡ್ಬೇಕಿತ್ತು, ಅರ್ಜಿಯ ಅಂಕಗಳಲ್ಲಿ ನೂರಕ್ಕೆ ಇಪ್ಪತ್ತು ಅದಕ್ಕೇ ಇತ್ತು.

ಎಲ್ಲಕ್ಕಿಂತ ಕಷ್ಟದ್ದು ಕೊಳ್ಳೋರು

ಕಟ್ಟೋರನ್ನ ಹುಡುಕೋದು ಸುಲಭ ಆಯ್ತು, ಹತ್ತು ವರ್ಷ ಇಷ್ಟು ರೇಟಿಗೆ ಕೊಳ್ತೀನಿ ಅಂತ ಸೈನ್ ಹಾಕೋರು ಸಿಗಲಿಲ್ಲ. ಕ್ಲೀನ್ ಹೈಡ್ರೋಜನ್ ರೇಟು ಗ್ಯಾಸಿಂದ ಮಾಡಿದ್ದಕ್ಕಿಂತ ಬಹಳ ಜಾಸ್ತಿ, ಮುಂದೆ ಇಳಿಯತ್ತೆ ಅಂತ ಎಲ್ಲರೂ ಹೇಳ್ತಾರೆ, ಹಾಗಿದ್ಮೇಲೆ ಇವತ್ತೇ ಯಾಕೆ ಸೈನ್ ಹಾಕ್ಬೇಕು, ಎರಡು ವರ್ಷ ಕಾಯೋಣ ಅಂತ ಕೊಳ್ಳೋನು ಯೋಚಿಸೋದು ಸಹಜ. ಆ 100 ಕೋಟಿ ಡಾಲರ್ ಪಕ್ಕಕ್ಕಿಟ್ಟಿದ್ದು ಇದಕ್ಕೇನೇ. ಮಾಡೋನಿಗೆ ಬೇಕಾದ ರೇಟು ಒಂದು, ಕೊಳ್ಳೋನು ಕೊಡೋ ರೇಟು ಇನ್ನೊಂದು, ಮಧ್ಯದ ವ್ಯತ್ಯಾಸ ಸರ್ಕಾರ ತುಂಬೋದು. ರೈತನಿಗೆ ಬೆಂಬಲ ಬೆಲೆ ಕೊಡ್ತಾರಲ್ಲ, ಅದಕ್ಕೆ ಹತ್ತಿರದ ಯೋಚನೆ.

ಕೊಳ್ಳೋರು ಗಟ್ಟಿ ಇಲ್ಲದಿದ್ರೆ ಪಾಲುದಾರರು ಒಬ್ಬೊಬ್ಬರಾಗಿ ಜಾರ್ಕೊಳ್ತಾರೆ. ಅಪ್ಪಲಾಚಿಯಾ ಹಬ್‌ನಿಂದ ಕೆಲವು ಪ್ರಾಜೆಕ್ಟ್‌ಗಳು ಹೊರಬಿದ್ದಿದ್ದು ಮೊದಲ ಹಂತ ನಡೀತಿರುವಾಗ್ಲೇ. ಒಂದು ಪ್ರಾಜೆಕ್ಟ್ ಹೋದ್ರೆ ಅದಕ್ಕೆ ಜೋಡಿಯಾಗಿದ್ದ ಪೈಪು ಅಥವಾ ಬಂಕು ಅನಾಥ, ಅದರ ಪಾಲಿನ ಸ್ವಂತ ದುಡ್ಡೂ ಲೆಕ್ಕದಿಂದ ಹೋಯ್ತು, ಹೊಸಬರನ್ನ ತರೋದಾದ್ರೆ ಇಲಾಖೆ ಒಪ್ಪಿಗೆ ಬೇಕು.

ಆಟದ ಮಧ್ಯೆ ನಿಯಮ ಬದಲಾದ್ರೆ

2022ರ ಆಗಸ್ಟಲ್ಲಿ ಇನ್ನೊಂದು ಕಾನೂನು ಬಂದು, ಕ್ಲೀನ್ ಹೈಡ್ರೋಜನ್ ಮಾಡಿದವರಿಗೆ ಕಿಲೋಗೆ 3 ಡಾಲರ್ ತನಕ ತೆರಿಗೆ ರಿಯಾಯಿತಿ ಅಂತು. ಎಲ್ಲರೂ ಆ 3 ಡಾಲರ್ ಸೇರ್ಸಿ ಲೆಕ್ಕ ಹಾಕಿದ್ರು. ಆದರೆ ಯಾವ ಕರೆಂಟ್ ಬಳಸಿದ್ರೆ ಅದು ಸಿಗತ್ತೆ ಅನ್ನೋದರ ಕರಡು ನಿಯಮ ಬಂದಿದ್ದು 2023ರ ಡಿಸೆಂಬರಲ್ಲಿ, ಅಂದ್ರೆ ಏಳು ಹಬ್ ಆಯ್ಕೆ ಆದ ಮೇಲೆ. ಅಂತಿಮ ನಿಯಮ ಬಂದಿದ್ದು 2025ರ ಜನವರಿಗೆ. ಅಲ್ಲಿವರೆಗೆ ಎಷ್ಟೋ ಜನ ಕೈಕಟ್ಟಿ ಕೂತ್ರು. ಅದೇ ವರ್ಷ ಜುಲೈಯಲ್ಲಿ ಹೊಸ ಸರ್ಕಾರ ಇನ್ನೊಂದು ತಿದ್ದುಪಡಿ ತಂತು, 2027 ಮುಗಿಯೋದರೊಳಗೆ ಕಟ್ಟಡ ಕೆಲಸ ಶುರು ಮಾಡಿದವರಿಗೆ ಮಾತ್ರ ರಿಯಾಯಿತಿ, ಮೊದಲು ಆ ಗಡುವು 2032ರ ಕೊನೆವರೆಗೂ ಇತ್ತು. ಮೇಲಿನ ನಾಲ್ಕು ಹಂತದ ವರ್ಷಗಳನ್ನ ಕೂಡಿ ನೋಡಿ, 2024ರಲ್ಲಿ ಪ್ಲಾನಿಂಗ್ ಶುರು ಮಾಡಿದವರಿಗೆ 2027 ಎಷ್ಟು ಬಿಗಿ ಅಂತ ಗೊತ್ತಾಗತ್ತೆ. ಅದಾದ ಮೂರು ತಿಂಗಳಿಗೆ ಅಕ್ಟೋಬರ್ ರದ್ದತಿ.

ನಮ್ಮಲ್ಲಿ ಹೇಗೆ ನಡೀತಿದೆ

ಭಾರತದ ರಾಷ್ಟ್ರೀಯ ಗ್ರೀನ್ ಹೈಡ್ರೋಜನ್ ಮಿಷನ್‌ಗೆ ಕೇಂದ್ರ ಸಂಪುಟ 2023ರ ಜನವರಿ 4ಕ್ಕೆ ಒಪ್ಪಿಗೆ ಕೊಡ್ತು, 19,744 ಕೋಟಿ ರೂಪಾಯಿ. ಅದರ ದೊಡ್ಡ ಪಾಲು, 17,490 ಕೋಟಿ, ಹೋಗೋದು ಎಲೆಕ್ಟ್ರೊಲೈಜರ್ ಮಾಡೋರಿಗೆ ಮತ್ತೆ ಹೈಡ್ರೋಜನ್ ಮಾಡೋರಿಗೆ ಪ್ರೋತ್ಸಾಹಧನ ಅಂತ. ಅಮೆರಿಕದ ಹಾಗೆ ಕಟ್ಟೋ ಖರ್ಚಿಗೆ ಕಂತಲ್ಲಿ ಕೊಡೋದಲ್ಲ, ಹರಾಜಲ್ಲಿ ಗೆದ್ದವರಿಗೆ ಮಾಡಿದಷ್ಟು ಕಿಲೋಗೆ ಇಷ್ಟು ಅಂತ, ಮೊದಲ ವರ್ಷ ಗರಿಷ್ಠ 50 ರೂಪಾಯಿ, ಆಮೇಲೆ 40, ಆಮೇಲೆ 30. ಹಾಲು ಹಾಕಿದ ಮೇಲೆ ಲೀಟರಿಗೆ ಲೆಕ್ಕ ಹಾಕಿ ರೈತನಿಗೆ ಸಹಾಯಧನ ಕೊಡೋ ಥರ, ಹಸು ತರೋಕೆ ಅಲ್ಲ. ಬೆಂಗಳೂರಿಗೂ ಇದರಲ್ಲಿ ಒಂದು ನಂಟಿದೆ, ಓಮಿಯಮ್ ಅನ್ನೋ ಕಂಪನಿ ಇಲ್ಲಿ ಎಲೆಕ್ಟ್ರೊಲೈಜರ್ ಫ್ಯಾಕ್ಟರಿ ಶುರು ಮಾಡಿದ್ದು 2021ರಲ್ಲೇ, ಮಿಷನ್ ಬರೋದಕ್ಕೂ ಮೊದಲು.

ಕೊಳ್ಳೋರ ಸಮಸ್ಯೆಗೆ ಇಲ್ಲಿ ಹಿಡಿದ ದಾರಿ ಬೇರೆ. 13 ಗೊಬ್ಬರ ಫ್ಯಾಕ್ಟರಿಗಳಿಗೆ ವರ್ಷಕ್ಕೆ 7.24 ಲಕ್ಷ ಟನ್ ಗ್ರೀನ್ ಅಮೋನಿಯಾ (ಗ್ರೀನ್ ಹೈಡ್ರೋಜನ್‌ನಿಂದ ಮಾಡೋ ಗೊಬ್ಬರದ ಕಚ್ಚಾವಸ್ತು) ಬೇಕು ಅಂತ ಮೊದಲು ಬೇಡಿಕೆ ಕೂಡ್ಸಿ, ಆಮೇಲೆ ಕೇಂದ್ರದ ಸೋಲಾರ್ ನಿಗಮ ಅದನ್ನ ಹತ್ತು ವರ್ಷದ ಕರಾರಿಗೆ 2025ರಲ್ಲಿ ಹರಾಜು ಹಾಕ್ತು. ಅಂದ್ರೆ ಗಿರಾಕಿಯ ಕೈಯಲ್ಲಿ ಚೀಲ ಕೊಟ್ಟು ನಿಲ್ಸಿ, ಆಮೇಲೆ ಅಂಗಡಿಯವರನ್ನ ಕರೆದ ಹಾಗೆ.

ಅಮೆರಿಕದ ಹಬ್ ಥರದ ಯೋಚನೆ ನಮ್ಮ ಹೈಡ್ರೋಜನ್ ವಾಹನಗಳ ಪೈಲಟ್ (ಪ್ರಾಯೋಗಿಕ) ಯೋಜನೆಯಲ್ಲೂ ಇದೆ. 2025ರ ಮಾರ್ಚಲ್ಲಿ ಐದು ಪ್ರಾಜೆಕ್ಟ್‌ಗಳಿಗೆ ಸುಮಾರು 208 ಕೋಟಿ ರೂಪಾಯಿ ಮಂಜೂರಾಯ್ತು, ಬಸ್ಸು ಲಾರಿ ಸೇರಿ 37 ವಾಹನ, 9 ಬಂಕು, 10 ಮಾರ್ಗ. ಟಾಟಾ ಮೋಟಾರ್ಸ್, ಅಶೋಕ್ ಲೇಲ್ಯಾಂಡ್, ರಿಲಯನ್ಸ್, ಎನ್‌ಟಿಪಿಸಿ, ಎಚ್‌ಪಿಸಿಎಲ್, ಬಿಪಿಸಿಎಲ್, ಇಂಡಿಯನ್ ಆಯಿಲ್, ಕೇರಳ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಅನರ್ಟ್ ಎಲ್ಲಾ ಪಟ್ಟಿಯಲ್ಲಿವೆ. ವಾಹನ ಮತ್ತೆ ಬಂಕು ಎರಡನ್ನೂ ಒಂದೇ ಮಂಜೂರಾತಿಯಲ್ಲಿ ಕಟ್ಟಿಹಾಕಿದ್ದಾರೆ, ಲಾರಿ ಬಂತು ಬಂಕಿಲ್ಲ ಅನ್ನೋ ಹಾಗಾಗಬಾರದು ಅಂತ. ನಮ್ಮ ಪಕ್ಕದ ಕೇರಳದ ತಿರುವನಂತಪುರ-ಕೊಚ್ಚಿ ಮಾರ್ಗವೂ ಇದರಲ್ಲಿದೆ. ಮಂಜೂರಾದಾಗ ಕೊಟ್ಟ ಗಡುವು 18ರಿಂದ 24 ತಿಂಗಳು, ಆ ಲೆಕ್ಕದಲ್ಲಿ ಹತ್ತೂ ಮಾರ್ಗ ಓಡ್ಬೇಕಾಗಿರೋದು 2026ರ ಸೆಪ್ಟೆಂಬರಿಂದ 2027ರ ಮಾರ್ಚ್ ಒಳಗೆ.